ಹಣೆಗೆ ಅಂಟಿಸುವ ಕೂಲಿಂಗ್ ಪ್ಯಾಚ್: ತಂಪು ನಿಜ, ಜ್ವರ ಇಳಿಯುವುದು ಅನುಮಾನ

ಮಕ್ಕಳ ಜ್ವರಕ್ಕೆಂದು ಹಣೆಗೆ ಅಂಟಿಸುವ ಕೂಲಿಂಗ್ ಜೆಲ್ ಪ್ಯಾಚುಗಳು ಈಗ ಸಣ್ಣ ಊರುಗಳ ಮೆಡಿಕಲ್ ಶಾಪುಗಳಲ್ಲಿಯೂ ಸಿಗುತ್ತವೆ. ಜಪಾನಿನಲ್ಲಿ 1990ರ ದಶಕದಲ್ಲಿ ಮನೆಮಾತಾದ ಈ ವಸ್ತು ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ. ಬಂದ ಮೇಲೆ ಮಾತ್ರ ನಗುವ ಮಗುವಿನ ಚಿತ್ರದ ಪೊಟ್ಟಣವಾಗಿ ಪ್ಯಾರಸಿಟಮಾಲ್ ಸಿರಪ್ಪಿನ ಪಕ್ಕದಲ್ಲೇ ಜಾಗ ಹಿಡಿದು ಕುಳಿತಿದೆ. ನಮ್ಮ ಮನೆಯ ಮೂರೂವರೆ ವರ್ಷದ ಹುಡುಗಿಗೆ ಮಳೆಗಾಲದುದ್ದಕ್ಕೂ ಬಂದು ಹೋದ ಜ್ವರಗಳಲ್ಲಿ ಇದನ್ನು ಬಳಸಿ ನೋಡಿದ್ದೇವೆ; ಅದರ ಜೊತೆಗೆ ಹಳೆಯ ಒದ್ದೆ ಬಟ್ಟೆಯ ಪದ್ಧತಿಯನ್ನೂ ಇಟ್ಟು ಹೋಲಿಸಿದ್ದೇವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪ್ಯಾಚು ಮಗುವಿಗೆ ಹಿತ ಕೊಡುತ್ತದೆ, ಜ್ವರವನ್ನು ಇಳಿಸುವುದಿಲ್ಲ. ಇದನ್ನು ತಿಳಿದೇ ಖರೀದಿಸುವವರಿಗೆ ನಷ್ಟವೇನೂ ಇಲ್ಲ. ಜ್ವರದ ಔಷಧಿಯೆಂದು ನಂಬಿ ಕೊಳ್ಳುವವರು ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ಡಾಕ್ಟರ ಬಳಿಗೆ ಹೋಗಬೇಕಾದ ಹೊತ್ತನ್ನೂ ಕಳೆದುಕೊಳ್ಳುತ್ತಾರೆ.

ಪ್ಯಾಚಿನ ಒಳಗಿರುವುದು ಬಹುಪಾಲು ನೀರು. ನೀರನ್ನು ಹಿಡಿದಿಟ್ಟುಕೊಳ್ಳುವ ಜೆಲ್ಲನ್ನು ತೆಳುವಾದ ಬಟ್ಟೆಯ ಮೇಲೆ ಹರಡಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿರುತ್ತಾರೆ. ಹಾಳೆ ಕಿತ್ತು ಹಣೆಗೆ ಒತ್ತಿದರೆ ಹಣೆಯ ಬಿಸಿ ಜೆಲ್ಲಿಗೆ ಹರಿಯುತ್ತದೆ, ಜೆಲ್ಲಿನ ನೀರು ಬಟ್ಟೆಯ ಮೂಲಕ ನಿಧಾನವಾಗಿ ಆವಿಯಾಗುತ್ತದೆ. ಕೆಲವು ಪ್ಯಾಚುಗಳಿಗೆ ಮೆಂಥಾಲನ್ನೂ ಸೇರಿಸಿರುತ್ತಾರೆ. ಮೆಂಥಾಲ್ ಮಾಡುವುದು ಚರ್ಮದಲ್ಲಿ ತಂಪನ್ನು ಗ್ರಹಿಸುವ ನರತುದಿಗಳನ್ನು ಕೆರಳಿಸುವ ಕೆಲಸವನ್ನೇ ಹೊರತು ಬಿಸಿಯನ್ನು ಹೊರಗೆ ಸಾಗಿಸುವ ಕೆಲಸವನ್ನಲ್ಲ. ಈ ನರತುದಿಗಳು ಬಿಸಿ-ತಂಪುಗಳನ್ನು ಹೇಗೆ ಗುರುತಿಸುತ್ತವೆ ಎಂಬುದರ ಸಂಶೋಧನೆಗೇ 2021ರ ವೈದ್ಯಕೀಯ ನೊಬೆಲ್ ಬಂದಿತು. ಅಂದರೆ ಮೆಂಥಾಲಿನ ತಂಪು ಅನುಭವಕ್ಕೆ ಮಾತ್ರ ಬರುವ ತಂಪು, ಥರ್ಮಾಮೀಟರಿಗೆ ಕಾಣುವಂಥದ್ದಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಪೊಟ್ಟಣದ ಮೇಲಿನ "8 ಗಂಟೆಗಳ ತಂಪು" ಎಂಬ ಮಾತು ಸುಳ್ಳಲ್ಲದಿದ್ದರೂ ಅದರಿಂದ ನಾವು ಊಹಿಸಿಕೊಳ್ಳುವ ಅರ್ಥ ಬೇರೆಯೇ ಆಗಿರುತ್ತದೆ. ಮಕ್ಕಳ ಪ್ಯಾಚು ಸುಮಾರು 11 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ ಇರುತ್ತದೆ. 13 ಕಿಲೋ ತೂಕದ ಮಗುವಿನ ಮೈಯ ಒಟ್ಟು ಹೊರಮೈ 6000 ಚದರ ಸೆಂಟಿಮೀಟರಿಗೆ ಸಮೀಪ ಇರುತ್ತದೆಯಾದ್ದರಿಂದ ಪ್ಯಾಚು ಮುಚ್ಚುವುದು ಅದರಲ್ಲಿ ನೂರಕ್ಕೆ ಒಂದು ಪಾಲನ್ನು ಮಾತ್ರ. ನೀರು ಚರ್ಮದ ಬಿಸಿಯಲ್ಲಿ ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 0.58 ಕಿಲೋಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಎಂಟು ಗಂಟೆಯಲ್ಲಿ ಪ್ಯಾಚಿನಿಂದ 10 ಗ್ರಾಂ ನೀರು ಆವಿಯಾಯಿತೆಂದು ಧಾರಾಳವಾಗಿಯೇ ಹಿಡಿದರೂ ಹೊರಹೋಗುವುದು 6 ಕಿಲೋಕ್ಯಾಲೊರಿಗಿಂತ ಕಡಿಮೆ. ಅದೇ ಎಂಟು ಗಂಟೆಯಲ್ಲಿ ಸುಮ್ಮನೆ ಮಲಗಿರುವ ಆ ಮಗುವಿನ ಮೈ ಉತ್ಪಾದಿಸುವ ಉಷ್ಣ 250 ಕಿಲೋಕ್ಯಾಲೊರಿಯ ಆಸುಪಾಸು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಇದು ಇನ್ನೂ ಶೇಕಡ ಹತ್ತರಷ್ಟೋ ಅದಕ್ಕಿಂತ ತುಸು ಹೆಚ್ಚೋ ಏರುತ್ತದೆ. ಇಷ್ಟು ವ್ಯತ್ಯಾಸ ಇರುವಾಗ ಪ್ಯಾಚು ಯಾವ ಕಂಪನಿಯದು, ನೀಲಿಯೋ ಗುಲಾಬಿಯೋ, ಬೆಲೆ ಎಷ್ಟು ಎಂಬುದರಿಂದ ಫಲಿತಾಂಶ ಬದಲಾಗಲಾರದು.

ಬಳಕೆಯ ಅನುಭವ ಇದಕ್ಕೆ ಹೊಂದಿಕೊಂಡೇ ಇತ್ತು. ಅಂಟಿಸಿದ ಕೂಡಲೇ ಹುಡುಗಿಯ ಮುಖದ ಬಿಗಿ ಸಡಿಲವಾಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ತಲೆನೋವೆಂದು ರಗಳೆ ಮಾಡುವುದು ಕಡಿಮೆಯಾಗುತ್ತಿತ್ತು. ಒದ್ದೆ ಬಟ್ಟೆಯಾದರೆ ನೀರು ಕಿವಿಯ ಹಿಂದೆ ಇಳಿದು ದಿಂಬು ನೆನೆಯುತ್ತದೆ, ಪದೇ ಪದೇ ಬದಲಿಸಬೇಕಾಗುತ್ತದೆ, ಬದಲಿಸುವಾಗ ಮಗು ಎಚ್ಚರವಾಗುತ್ತದೆ; ಪ್ಯಾಚಿನಲ್ಲಿ ಈ ತಾಪತ್ರಯಗಳಿಲ್ಲ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಮಾತ್ರ ಪ್ಯಾಚಿಗೆ ಮುಂಚೆ ತೋರಿಸಿದ್ದಕ್ಕೂ ಒಂದು ಗಂಟೆಯ ನಂತರ ತೋರಿಸಿದ್ದಕ್ಕೂ ಹೇಳಿಕೊಳ್ಳುವಂಥ ಅಂತರ ಇರುತ್ತಿರಲಿಲ್ಲ. ಹಣೆಯ ಮೇಲಿನ ಬೇಬಿ ಹೇರ್ ಜೆಲ್ಲಿಗೆ ಅಂಟಿ ಕೀಳುವಾಗ ಅಳು ಬರುತ್ತದೆ, ಹಾಗಾಗಿ ಕೂದಲನ್ನು ಹಿಂದಕ್ಕೆ ಬಾಚಿ, ಹಣೆಯ ಬೆವರನ್ನು ಒಣಬಟ್ಟೆಯಿಂದ ಒರೆಸಿ ಅಂಟಿಸಬೇಕು. ಬೆವರಿದ ಹಣೆಯ ಮೇಲೆ ಅಂಟು ನಿಲ್ಲುವುದಿಲ್ಲ. ಮೂಲೆಗಳು ಮೊದಲು ಸುರುಳಿ ಸುತ್ತುತ್ತವೆ, ಆಮೇಲೆ ಇಡೀ ಪಟ್ಟಿ ಹುಬ್ಬಿನ ಕಡೆಗೆ ಜಾರುತ್ತದೆ.

ಹಣೆಗೆ ತೋರಿಸಿ ಜ್ವರ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇರುವ ಮನೆಗಳಲ್ಲಿ ಇನ್ನೊಂದು ಎಡವಟ್ಟಿದೆ. ಆ ಉಪಕರಣ ಅಳೆಯುವುದು ಹಣೆಯ ಚರ್ಮದ ಮೇಲ್ಮೈಯನ್ನು. ಪ್ಯಾಚು ಕಿತ್ತ ತಕ್ಷಣ ಆ ಜಾಗಕ್ಕೇ ಗುರಿಯಿಟ್ಟರೆ, ಜೆಲ್ಲು ತಣಿಸಿದ ಚರ್ಮದ ಅಂಕಿಯೇ ಪರದೆಯ ಮೇಲೆ ಬರುತ್ತದೆ. ಒಳಗೆ 102 ಡಿಗ್ರಿ ಫ್ಯಾರನ್‌ಹೀಟ್ ಸುಡುತ್ತಿರುವ ಮಗುವಿಗೂ ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಯಾಗಿಬಿಡಬಹುದು. ಪ್ಯಾಚು ಬಳಸುವ ದಿನ ಕಂಕುಳಿನ ಡಿಜಿಟಲ್ ಥರ್ಮಾಮೀಟರನ್ನೇ ನಂಬಬೇಕು. ಕಂಕುಳನ್ನು ಒರೆಸಿ, ತುದಿಯನ್ನು ಕಂಕುಳಿನ ನಡುವಿಗೆ ತಾಗಿಸಿ, ತೋಳನ್ನು ಎದೆಗೆ ಒತ್ತಿ ಹಿಡಿದು ಬೀಪ್ ಬರುವ ತನಕ ಕಾಯಬೇಕು. ದೇಹದ ಒಳಗಿನ ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜ್ವರವೆಂದು ಲೆಕ್ಕ. ಕಂಕುಳಿನ ಅಂಕಿ ಅದಕ್ಕಿಂತ ತುಸು ಕಡಿಮೆಯೇ ಬರುತ್ತದೆ.

ಪ್ಯಾಚು ಜಾರುವುದನ್ನು ಬರೀ ಕಿರಿಕಿರಿಯೆಂದು ನಾನು ತಳ್ಳಿಹಾಕಲಾರೆ. 2004ರಲ್ಲಿ ಜಪಾನಿನಲ್ಲಿ ನಾಲ್ಕು ತಿಂಗಳ ಕೂಸೊಂದರ ಹಣೆಯಿಂದ ಇಂಥ ಪಟ್ಟಿ ಜಾರಿ ಮೂಗು-ಬಾಯಿಯನ್ನು ಮುಚ್ಚಿ, ಉಸಿರು ಕಟ್ಟಿ, ಮಗುವಿಗೆ ಗಂಭೀರ ಹಾನಿಯಾದ ಪ್ರಕರಣದ ನಂತರ ಅಲ್ಲಿನ ರಾಷ್ಟ್ರೀಯ ಗ್ರಾಹಕ ಕೇಂದ್ರ ಪೋಷಕರಿಗೆ ಎಚ್ಚರಿಕೆ ಹೊರಡಿಸಿತು. ಮೂಗಿನ ಮೇಲೆ ಬಿದ್ದದ್ದನ್ನು ತಾನೇ ಕಿತ್ತು ಎಸೆಯಲಾರದ ಕೂಸಿಗೆ ಈ ವಸ್ತು ಬೇಡವೇ ಬೇಡ. ದೊಡ್ಡ ಮಕ್ಕಳಿಗೂ ದೊಡ್ಡವರು ಎಚ್ಚರವಿದ್ದು ನೋಡಿಕೊಳ್ಳುವಷ್ಟು ಹೊತ್ತು ಮಾತ್ರ ಸಾಕು. ಪಟ್ಟಿ ಅಂಟಿಸಿ, ದೀಪ ಆರಿಸಿ, ಎಲ್ಲರೂ ಮಲಗಿಬಿಡುವುದು ಸರಿಯಲ್ಲ. ಮೆಂಥಾಲಿನ ಘಾಟು ಸಣ್ಣ ಮಕ್ಕಳ ಉಸಿರಾಟಕ್ಕೆ ತೊಂದರೆ ಕೊಡಬಲ್ಲದು, ಕಣ್ಣಿಗೆ ತಾಗಿದರೆ ಉರಿ. ಮೆಂಥಾಲ್, ಕರ್ಪೂರ ಇದೆಯೆಂದು ಬರೆದಿರುವ ಪೊಟ್ಟಣವನ್ನು ನಾನು ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಪ್ಯಾಚಿನ ಎದುರಾಳಿ ಹಳೆಯ ಹತ್ತಿ ಸೀರೆಯ ತುಂಡು ಮತ್ತು ಒಂದು ಬೋಗುಣಿ ನೀರು. ಇದರಲ್ಲಿ ಎರಡು ಬಗೆಯಿದೆ. ಹಣೆಗಷ್ಟೇ ಹಾಕುವ ತಣ್ಣೀರು ಪಟ್ಟಿಯ ಲೆಕ್ಕ ಪ್ಯಾಚಿನ ಲೆಕ್ಕಕ್ಕಿಂತ ಬೇರೆಯಲ್ಲ, ಹಿತ ಕೊಡುತ್ತದೆ, ಅಷ್ಟೇ. ಇಡೀ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುವ ಪದ್ಧತಿಯಲ್ಲಿ ಆವಿಯಾಗುವ ಮೈ ದೊಡ್ಡದಾದ್ದರಿಂದ ಉಷ್ಣ ನಿಜವಾಗಿಯೂ ಹೊರಹೋಗುತ್ತದೆ: 100 ಗ್ರಾಂ ನೀರು ಮೈಮೇಲಿಂದ ಆವಿಯಾದರೆ 58 ಕಿಲೋಕ್ಯಾಲೊರಿ, ಅಂದರೆ ಆ ಮಗುವಿನ ಮೈ ಒಂದು ಗಂಟೆಗೂ ಹೆಚ್ಚು ಕಾಲ ಉತ್ಪಾದಿಸುವಷ್ಟು ಬಿಸಿ. ಹಾಗಿದ್ದರೆ ಇದೇ ಸರಿಯಾದ ಮದ್ದಲ್ಲವೇ ಎಂದು ಕೇಳಬಹುದು. ತೊಡಕಿರುವುದು ಮೈಯ ಒಳಗಿನ ವ್ಯವಸ್ಥೆಯಲ್ಲಿ. ಸೋಂಕಿನಿಂದ ಜ್ವರ ಬಂದಾಗ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಮೈ ಎಷ್ಟು ಬಿಸಿ ಇರಬೇಕು ಎಂಬ ಮಟ್ಟವನ್ನೇ ಮೇಲಕ್ಕೆ ಏರಿಸಿಟ್ಟಿರುತ್ತದೆ. ಗೀಸರಿನ ಥರ್ಮೋಸ್ಟಾಟನ್ನು ಮೇಲಕ್ಕೆ ತಿರುಗಿಸಿಟ್ಟು, ಟ್ಯಾಂಕಿನ ಹೊರಮೈಗೆ ನೀರು ಸುರಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಹೊರಗೆ ತಣಿಸಿದಷ್ಟೂ ಒಳಗೆ ಕಾಯಿಸುವ ಕೆಲಸ ಜೋರಾಗುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ ಬಿಸಿಯನ್ನು ಒಳಗೇ ತಡೆಯುತ್ತವೆ, ಸ್ನಾಯುಗಳು ನಡುಗಿ ಹೊಸ ಬಿಸಿ ಉತ್ಪಾದಿಸುತ್ತವೆ, ಮಗು ಹಲ್ಲು ಕಟಕಟಿಸುತ್ತ ಅಳುತ್ತದೆ. ಪ್ಯಾರಸಿಟಮಾಲ್ ಕೆಲಸ ಮಾಡುವುದು ಆ ಥರ್ಮೋಸ್ಟಾಟಿನ ಮೇಲೆ. ಒದ್ದೆ ಬಟ್ಟೆಗೂ ಪ್ಯಾಚಿಗೂ ಅಲ್ಲಿಗೆ ಕೈ ಮುಟ್ಟುವುದಿಲ್ಲ.

ಅಧ್ಯಯನಗಳು ಹೇಳುವುದೂ ಇದಕ್ಕೆ ಸಮೀಪದ ಮಾತನ್ನೇ. ಮಕ್ಕಳ ಜ್ವರಕ್ಕೆ ಭೌತಿಕ ತಂಪಿನ ಪದ್ಧತಿಗಳನ್ನು ಕುರಿತು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಏಳು ಪ್ರಯೋಗಗಳನ್ನು, ಒಟ್ಟು 467 ಮಕ್ಕಳನ್ನು ಪರಿಗಣಿಸಲಾಗಿತ್ತು. ಪ್ಯಾರಸಿಟಮಾಲ್ ಕೊಟ್ಟು ಮೈ ಒರೆಸಿದಾಗ ಮೊದಲ ಗಂಟೆಯಲ್ಲಿ ಜ್ವರ ಇನ್ನಷ್ಟು ಬೇಗ ಇಳಿಯಬಹುದು ಎಂದೂ, ಒರೆಸಿಸಿಕೊಂಡ ಮಕ್ಕಳಲ್ಲಿ ನಡುಕ, ಮೈ ಜುಮ್ಮೆನ್ನುವುದು ಹೆಚ್ಚು ಎಂದೂ ಅದರಿಂದ ತಿಳಿಯುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಜ್ವರಕ್ಕೆ ರೂಪಿಸಿರುವ ಮಾರ್ಗಸೂಚಿ ಮೈ ಒರೆಸುವುದನ್ನು ಶಿಫಾರಸು ಮಾಡುವುದೇ ಇಲ್ಲ, ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿಡುವುದೂ ಬೇಡ, ಅತಿಯಾಗಿ ಹೊದಿಸುವುದೂ ಬೇಡ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2011ರ ವರದಿ ಚಿಕಿತ್ಸೆಯ ಗುರಿ ಅಂಕಿಯನ್ನು 98.6ಕ್ಕೆ ತರುವುದಲ್ಲ, ಮಗುವಿಗೆ ನೆಮ್ಮದಿ ಕೊಡುವುದು ಎಂದು ಒತ್ತಿ ಹೇಳಿತು. ನಮ್ಮ ಕಡೆ ಡಾಕ್ಟರುಗಳು ಇಂದಿಗೂ ಮೈ ಒರೆಸಲು ಹೇಳುವುದುಂಟು. ಅವರು ಹೇಳಿದಾಗ ಒರೆಸಬೇಕು, ಆದರೆ ಕ್ರಮ ತಿಳಿದಿರಬೇಕು.

ಮೊದಲು ಔಷಧಿ ಕೊಟ್ಟು, ಅದು ಹಿಡಿಯಲು ಅರ್ಧ ಗಂಟೆಯಷ್ಟಾದರೂ ಬಿಡಬೇಕು. ಆಗ ಥರ್ಮೋಸ್ಟಾಟ್ ಕೆಳಗಿಳಿಯತೊಡಗಿರುತ್ತದೆ, ನಡುಕ ಬರುವ ಸಂಭವ ಕಡಿಮೆ. ನೀರು ಮುಂಗೈ ಮೇಲೆ ಬಿಟ್ಟರೆ ತಣ್ಣಗೂ ಬಿಸಿಯಾಗಿಯೂ ಅನ್ನಿಸದಂತೆ ಉಗುರು ಬೆಚ್ಚಗೆ ಇರಬೇಕು. ಬಟ್ಟೆಯನ್ನು ಹಿಂಡಿ ಕುತ್ತಿಗೆ, ಎದೆ, ಬೆನ್ನು, ಕೈಕಾಲುಗಳನ್ನು ಒರೆಸಿ ನೀರು ತಾನಾಗಿ ಆರಲು ಬಿಡಬೇಕು. ಒದ್ದೆ ಬಟ್ಟೆಯನ್ನು ಮೈಮೇಲೆ ಸುತ್ತಿಟ್ಟು ಮೇಲೆ ಹೊದಿಕೆ ಹಾಕಿದರೆ ಆವಿಯಾಗಲು ದಾರಿಯೇ ಉಳಿಯುವುದಿಲ್ಲ. ಕೈಕಾಲು ತಣ್ಣಗಾಗಿ ಮಗು ನಡುಗುತ್ತಿದ್ದರೆ, ಅಂದರೆ ಜ್ವರ ಇನ್ನೂ ಏರುತ್ತಿರುವ ಹೊತ್ತಿನಲ್ಲಿ, ಒರೆಸಲೇಬಾರದು. ತೆಳುವಾದ ಹೊದಿಕೆ ಹೊದಿಸಿ ಚಳಿ ಬಿಡುವ ತನಕ ಕಾಯಬೇಕು. ಒರೆಸುವಾಗ ಮಗು ಪ್ರತಿಭಟಿಸಿದರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಹಿತಕ್ಕಾಗಿ ಮಾಡುವ ಕೆಲಸವನ್ನು ನಾಲ್ಕು ಕೈಗಳಿಂದ ಮಗುವನ್ನು ಅದುಮಿ ಹಿಡಿದು ಮಾಡುವುದರಲ್ಲಿ ಅರ್ಥವಿಲ್ಲ.

ಐಸ್ ನೀರು, ಫ್ರಿಜ್ಜಿನ ನೀರು, ಐಸ್ ಗಡ್ಡೆ, ತಣ್ಣೀರ ಸ್ನಾನ ಇವೆಲ್ಲ ಮೇಲೆ ಹೇಳಿದ ಕಾರಣಕ್ಕೇ ನಿಷಿದ್ಧ. ಅದಕ್ಕಿಂತಲೂ ಕೆಟ್ಟದ್ದು ಸ್ಪಿರಿಟ್. ಕೆಲವು ಮನೆಗಳಲ್ಲಿ ಹಿರಿಯರು ಯೂಡಿಕೋಲನ್ ಎಂಬ ಸುಗಂಧದ್ರವ್ಯದ ಬಾಟಲಿಯನ್ನು ಜ್ವರಕ್ಕೆಂದೇ ಬೀರುವಿನಲ್ಲಿಟ್ಟಿರುತ್ತಾರೆ, ಕರವಸ್ತ್ರಕ್ಕೆ ಅದನ್ನು ಸುರಿದು ಹಣೆಗೆ ಹಾಕುವುದು ಒಂದು ಕಾಲದ ಶಿಷ್ಟಾಚಾರ. ಅದರಲ್ಲಿರುವುದು ಆಲ್ಕೋಹಾಲ್. ಸ್ಪಿರಿಟ್ಟಿನಿಂದ ಮೈ ಒರೆಸಿದಾಗ ಅದು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಗೆ ಹೋಗಿ, ಮಕ್ಕಳ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇದರ ತದ್ವಿರುದ್ಧ ತುದಿಯಲ್ಲಿರುವುದು ಕಿಟಕಿ ಮುಚ್ಚಿ, ಉಲ್ಲನ್ ಟೋಪಿ, ಸ್ವೆಟರ್, ಎರಡು ಕಂಬಳಿ ಹಾಕಿ ಬೆವರಿಸುವ ಪದ್ಧತಿ. ಮಲೆನಾಡಿನ ಮಳೆಯಲ್ಲಿ ಬೆಚ್ಚಗಿಡಬೇಕೆನ್ನಿಸುವುದು ಸಹಜವಾದರೂ ಒಂದು ಪದರದ ಸಡಿಲ ಹತ್ತಿ ಬಟ್ಟೆ, ಗಾಳಿಯಾಡುವ ಕೋಣೆ, ನೇರವಾಗಿ ಮುಖಕ್ಕೆ ಬೀಸದಂತೆ ನಿಧಾನ ತಿರುಗುವ ಫ್ಯಾನ್ ಇವೇ ಸಾಕು.

ತಂಪಿನ ಪದ್ಧತಿಗಳಲ್ಲಿ ಲೆಕ್ಕಕ್ಕೆ ಬರದೆ ಹೋಗುವುದು ಕುಡಿಯುವುದು. ಜ್ವರದಲ್ಲಿ ಮೈಯಿಂದ ನೀರು ಹೆಚ್ಚು ಹೋಗುತ್ತದೆ, ನೀರು ಕಡಿಮೆಯಾದ ಮಗು ಬೇಗ ಸೊರಗುತ್ತದೆ. ಎದೆಹಾಲು, ಗಂಜಿ ತಿಳಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಯಾವುದಾದರೂ ಸರಿ, ಚಮಚ ಚಮಚವಾಗಿ ಆಗಾಗ ಕೊಡಬೇಕು. ಔಷಧಿಯ ವಿಷಯದಲ್ಲಿ ಒಂದೇ ಮಾತು: ಪ್ಯಾರಸಿಟಮಾಲ್ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ, ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, ಅದೂ ಡಾಕ್ಟರ್ ಬರೆದುಕೊಟ್ಟಂತೆ. ಹನಿಗಳ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇದ್ದರೆ, ಸಾದಾ ಸಿರಪ್ಪಿನಲ್ಲಿ ಐದು ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ. ಹನಿಗಳು ನಾಲ್ಕು ಪಟ್ಟು ಗಟ್ಟಿಯಾಗಿರುವುದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ಅಪಾಯ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಡೆಂಗ್ಯೂ ಅನುಮಾನವಿದ್ದರೆ ರಕ್ತಸ್ರಾವದ ಭಯದಿಂದ ಐಬುಪ್ರೊಫೆನ್ ಕೂಡ ಬೇಡ.

ಡೆಂಗ್ಯೂ ಮಾತು ಬಂದದ್ದರಿಂದ ಪ್ಯಾಚಿನ ಮೇಲಿನ ನನ್ನ ದೊಡ್ಡ ಆಕ್ಷೇಪವನ್ನು ಇಲ್ಲೇ ಹೇಳುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸುವ ಮಟ್ಟಕ್ಕೆ ಆ ವರ್ಷ ಪರಿಸ್ಥಿತಿ ಹೋಗಿತ್ತು. ಈ ಕಾಯಿಲೆಯಲ್ಲಿ ಅಪಾಯದ ಘಟ್ಟ ಬರುವುದು ಸಾಮಾನ್ಯವಾಗಿ ಮೂರನೆಯ ದಿನದ ನಂತರ, ಜ್ವರ ಇಳಿಯುವ ಹೊತ್ತಿನಲ್ಲಿ. ಹಣೆ ತಣ್ಣಗಾಯಿತು, ಮಗು ಗೆದ್ದಿತು ಎಂದು ಭಾವಿಸುವ ದಿನವೇ ಹೊಟ್ಟೆನೋವು, ಬಿಡದ ವಾಂತಿ, ಒಸಡು-ಮೂಗಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕು ಕಾಣಿಸಿಕೊಳ್ಳಬಹುದು. ಹಣೆಯ ಬಿಸಿಯೊಂದನ್ನೇ ಕಾಯಿಲೆಯ ಅಳತೆಯೆಂದು ಕಲಿಸುವ ಯಾವ ವಸ್ತುವೂ ನಮ್ಮ ಊರುಗಳ ಮಳೆಗಾಲಕ್ಕೆ ಹೊಂದುವುದಿಲ್ಲ. ಮೂತ್ರ ಕಡಿಮೆಯಾದ, ಎಬ್ಬಿಸಿದರೂ ಸರಿಯಾಗಿ ಏಳದ, ಉಸಿರಿಗೆ ಕಷ್ಟಪಡುವ, ಕುತ್ತಿಗೆ ಬಗ್ಗಿಸಲಾರದ ಮಗುವನ್ನು ಥರ್ಮಾಮೀಟರ್ ಏನೇ ಹೇಳಲಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೂರು ತಿಂಗಳು ತುಂಬದ ಕೂಸಿಗೆ 100.4 ಬಂದರೆ ಅದೊಂದೇ ಸಾಕು, ಬೇರೆ ಲಕ್ಷಣಕ್ಕೆ ಕಾಯುವಂತಿಲ್ಲ.

ಜ್ವರ ತಲೆಗೇರಿ ಫಿಟ್ಸ್ ಬರುತ್ತದೆಂಬ ಭಯವೇ ಈ ಪ್ಯಾಚುಗಳನ್ನು ಹೆಚ್ಚು ಮಾರುತ್ತಿದೆ ಎಂಬುದು ನನ್ನ ಗುಮಾನಿ. ಆರು ತಿಂಗಳಿಂದ ಐದು ವರ್ಷದ ನಡುವಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ನೋಡುವವರಿಗೆ ಜೀವ ಬಾಯಿಗೆ ಬಂದರೂ ಬಹುತೇಕ ಮಕ್ಕಳಿಗೆ ಅದರಿಂದ ಶಾಶ್ವತ ಹಾನಿಯಿಲ್ಲ. ಪ್ಯಾರಸಿಟಮಾಲ್ ಆಗಲಿ ಒದ್ದೆ ಬಟ್ಟೆಯಾಗಲಿ ಅದನ್ನು ತಡೆಯುತ್ತದೆಂಬುದಕ್ಕೆ ಭರವಸೆಯಿಡುವಂಥ ಪುರಾವೆಯಿಲ್ಲ. ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕದೆ, ಕೈಗೆ ಕಬ್ಬಿಣ ಕೊಡಲು ಓಡಾಡದೆ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್, ಬೇಗ ನಿಂತರೂ ಮೊದಲ ಸಲವಾದರೆ ಅದೇ ದಿನ ಡಾಕ್ಟರ್.

ಬಿಸಿಲಿನ ಹೊಡೆತ ಇದೆಲ್ಲಕ್ಕೂ ಹೊರತಾದ ಸಂಗತಿ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಆಡಿ ಬಂದ, ಅಥವಾ ಕಾರಿನೊಳಗೆ ಸಿಕ್ಕಿಕೊಂಡ ಮಗುವಿನ ಮೈ 104 ಡಿಗ್ರಿ ದಾಟಿ ಪ್ರಜ್ಞೆ ಮಸುಕಾಗಿದ್ದರೆ, ಅಲ್ಲಿ ಥರ್ಮೋಸ್ಟಾಟ್ ಮೇಲೇರಿರುವುದಿಲ್ಲ, ಮೈಗೆ ಬಿಸಿಯನ್ನು ಹೊರಹಾಕಲು ಆಗುತ್ತಿರುವುದಿಲ್ಲ. ಆಗ ಪ್ಯಾರಸಿಟಮಾಲ್ ಉಪಯೋಗಕ್ಕೆ ಬಾರದು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹಾಕಿ, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ತಿಳಿದೂ ಕೊಳ್ಳುವುದಾದರೆ, ಪೊಟ್ಟಣದ ಮೇಲೆ ಯಾವ ವಯಸ್ಸಿನಿಂದ ಎಂದು ಬರೆದಿದೆಯೋ ನೋಡಿ, ಮೆಂಥಾಲ್ ಇಲ್ಲದ್ದನ್ನು ಆರಿಸಿ, ಎಕ್ಸ್‌ಪೈರಿ ತಾರೀಖು ಪರೀಕ್ಷಿಸಿ. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇಲ್ಲದವರು ಆ ಹಣಕ್ಕೆ ಮೊದಲು ಅದನ್ನೇ ಕೊಳ್ಳಿ. ಗಾಯ, ಕಜ್ಜಿ, ಗುಳ್ಳೆ ಇರುವ ಚರ್ಮದ ಮೇಲೆ ಅಂಟಿಸಬೇಡಿ, ಒಮ್ಮೆ ಬಳಸಿದ್ದನ್ನು ತೊಳೆದು ಮತ್ತೆ ಬಳಸಬೇಡಿ. ಒಂದೇ ಸ್ಯಾಶೆಯಲ್ಲಿ ಎರಡು ಹಾಳೆಗಳಿದ್ದರೆ ಉಳಿದದ್ದು ಗಾಳಿಗೆ ಬೇಗ ಒಣಗುತ್ತದೆ, ಬಾಯಿಯನ್ನು ಎರಡು ಮಡಿಕೆ ಮಡಿಸಿ ಕ್ಲಿಪ್ ಹಾಕಿಡಬೇಕು. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ತೊಂದರೆಯಿಲ್ಲ, ಫ್ರೀಜರಿನಲ್ಲಿ ಇಡಬಾರದು.